ಊರಮ್ಮನ ಸಾಲಿನ ಖಾಲಿ ಮನೆ

ಸಿರುಗುಪ್ಪದ ಸುಂಕಣ್ಣ ತನ್ನ ನಲವತ್ತೆಂಟು ವರ್ಷದ ಬದುಕಿನಲ್ಲಿ ಯಾರ ಮನೆಯನ್ನೂ ಕೆಡವಿದವನಲ್ಲ. ಗೋಡೆಗಳ ಮೇಲೆ ಬರೆದಿದ್ದಾನೆ, ಅಷ್ಟೆ. ಸಿಮೆಂಟು, ಬನಿಯನ್ನು, ಟ್ರ್ಯಾಕ್ಟರು, ಹೇಳಲು ನಾಚಿಕೆಯಾಗುವ ರೋಗಗಳಿಗೆ ಔಷಧಿ, ಒಂದೇ ಗೋಡೆಯ ಮೇಲೆ ಒಂದೇ ವಾರದಲ್ಲಿ ಎರಡು ಪಕ್ಷಗಳ ಚಿಹ್ನೆ, ಎಲ್ಲವೂ ಅವನ ಕುಂಚದವು. ಫ್ಲೆಕ್ಸ್ ಬಂದು ಪೇಂಟರುಗಳ ಹೊಟ್ಟೆಯ ಮೇಲೆ ಹೊಡೆದಾಗ ಉಳಿದವರು ಕುಂಚ ತೊಳೆದಿಟ್ಟು ಬೇರೆ ಕೆಲಸ ಹಿಡಿದರು. ಸುಂಕಣ್ಣ ಬಳ್ಳಾರಿಗೆ ಹೋಗಿ ನಲವತ್ತೈದು ದಿನದ ಕಂಪ್ಯೂಟರ್ ಕ್ಲಾಸಿಗೆ ಸೇರಿದ. ಮೂವತ್ತೊಂದನೇ ದಿನಕ್ಕೆ ತನಗೆ ಎಲ್ಲವೂ ಬಂತೆಂದು ತಿಳಿದು ಊರಿಗೆ ಬಂದು, ತನ್ನ ಅಂಗಡಿಯ ಬೋರ್ಡನ್ನು ತಾನೇ ಬರೆದುಕೊಂಡ: ‘ಸುಂಕಣ್ಣ ಆರ್ಟ್ಸ್ ಮತ್ತು ವೆಬ್‌ಸೈಟ್ಸ್’. ವೆಬ್‌ಸೈಟ್ಸ್ ಎಂಬ ಅಕ್ಷರಗಳಿಗೆ ನೀಲಿ ನೆರಳು ಬೇರೆ ಬಿಡಿಸಿದ್ದ. ನೆರಳು ಬಿದ್ದ ಅಕ್ಷರಗಳನ್ನು ಜನ ಬೇಗ ನಂಬುತ್ತಾರೆ.

ಕ್ಲಾಸಿನಲ್ಲಿ ವಿಜಯಕುಮಾರ ಎಂಬ ಮೇಷ್ಟ್ರು ಒಂದು ಪಾಠವನ್ನು ಮಾತ್ರ ಅವನ ತಲೆಯಲ್ಲಿ ಗಟ್ಟಿಯಾಗಿ ಕೂರಿಸಿದ್ದರು. ಅದು ಟೇಬಲ್ ಕಟ್ಟುವ ಪಾಠ.

“ಚೌಕಾಬಾರ ಆಡೀರಿಲ್ಲ? ಅದೇ ಇದು. ಟಿ.ಆರ್. ಅಂದ್ರ ಒಂದು ಸಾಲು. ಸಾಲಿನ್ಯಾಗ ಟಿ.ಡಿ. ಅಂದ್ರ ಒಂದು ಮನಿ. ಟಿ.ಡಿ. ಅಂತ ಬರದ್ರ ಮನಿ ಬಾಗಲಾ ತೆಗದಂಗ. ಓರೆಗೆರಿ ಹಾಕಿ ಇನ್ನೊಮ್ಮೆ ಟಿ.ಡಿ. ಬರದ್ರ ಬಾಗಲಾ ಹಾಕಿದಂಗ. ನಡುವ ಏನಿಡ್ತೀರಿ, ಅದು ಆ ಮನ್ಯಾಗ ಇರತೈತಿ.”

ಇಂಗ್ಲಿಷ್ ಬಲ್ಲವರು ಇದನ್ನು ಡೇಟಾ ಸೆಲ್ ಎನ್ನುತ್ತಾರೆ. ಸರ್ಕಾರಿ ಕನ್ನಡ ಬಲ್ಲವರು ದತ್ತಾಂಶ ಕೋಶ ಎನ್ನುತ್ತಾರೆ. ಸುಂಕಣ್ಣ ಮನಿ ಎಂದೇ ಕಲಿತ, ಮನಿ ಎಂದೇ ಅಂದ. ಖಾಲಿ ಮನೆಗಳನ್ನು ಏನು ಮಾಡಬೇಕು ಎಂಬ ಪಾಠ ಮೂವತ್ತೆರಡನೇ ದಿನ ಇತ್ತು.

ಇಂಥವನಿಗಾಗಿಯೇ ಒಂದು ಕಚೇರಿ ಕಾದಿತ್ತು. ಅದರ ಹೆಸರು ವಸತಿ ಹಕ್ಕು ಕೋಶ. ಕೋಶವೆಂದರೆ ಎರಡು ಮೇಜು, ಒಂದು ಬೀರು, ದೊಡ್ಡಬಸವರಾಜ ಎಂಬ ಒಬ್ಬ ಅಧಿಕಾರಿ. ಸಿರುಗುಪ್ಪದ ಹಳೇ ಕಾಲುವೆ ದಂಡೆ ಓಣಿಯ ಮೂವತ್ತಾರು ಮನೆಗಳಿಗೆ ಹಕ್ಕುಪತ್ರ ಕೊಡುವುದೆಂದು ತೀರ್ಮಾನವಾಗಿತ್ತು. ಆ ಪತ್ರ ಕೈಯಲ್ಲಿದ್ದರೆ ಮನೆ ನಿಮ್ಮದು. ಇಲ್ಲದಿದ್ದರೆ ಕಾಲುವೆ ಅಗಲ ಮಾಡುವ ಜೆಸಿಬಿ ಮೊದಲು ಬಂದು ನಿಲ್ಲುವುದು ನಿಮ್ಮ ಬಾಗಿಲಿಗೆ. ಪಟ್ಟಿಯನ್ನು ಕೋಶದ ವೆಬ್‌ಸೈಟಿಗೆ ಏರಿಸುವ ಕೆಲಸ ಸುಂಕಣ್ಣನ ಪಾಲಿಗೆ ಬಂತು.

ಪ್ರತಿ ಸಾಲಿಗೂ ಆರು ಮನೆ: ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಓಣಿ, ನಿವೇಶನದ ಅಳತೆ, ಅರ್ಹರೋ ಅಲ್ಲವೋ ಎಂದು ಬರೆಯುವ ಷರಾ. ಗಂಡಸಾದರೆ ಅಪ್ಪನ ಹೆಸರು, ಹೆಂಗಸಾದರೆ ಗಂಡನ ಹೆಸರು. ಗೋಡೆಗೆ ಮಣ್ಣು ಹೊತ್ತವಳ ಹೆಸರಿಗೆ ಒಂದು ಮನೆ, ಹೊರದವನ ಹೆಸರಿಗೂ ಪಕ್ಕದಲ್ಲೇ ಒಂದು ಮನೆ. ಈ ನಕ್ಷೆ ಹಾಕಿದ ಎಂಜಿನಿಯರು ಯಾರೆಂದು ಯಾವ ಕಡತದಲ್ಲೂ ಇಲ್ಲ. ಬಹಳ ಹಳಬನಿರಬೇಕು. ಕಾಗದದಲ್ಲಿದ್ದ ಅವನ ಮನೆಗಳು ಈಗ ಕಂಪ್ಯೂಟರಿಗೆ ಒಕ್ಕಲು ಬಂದಿವೆ, ಒಂದು ಗೋಡೆಯೂ ಬಿರುಕು ಬಿಟ್ಟಿಲ್ಲ.

ಸುಂಕಣ್ಣ ಪಟ್ಟಿ ಹಿಡಿದು ಓಣಿಯಲ್ಲಿ ತಿರುಗುತ್ತ ಹದಿನೇಳನೇ ಸಾಲಿಗೆ ಬಂದ. ಅದು ಊರಮ್ಮನದು. ಊರಮ್ಮ ಇಪ್ಪತ್ತೆರಡು ವರ್ಷದಿಂದ ಅದೇ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು. ಅವಳ ಗಂಡ ಹದಿನೆಂಟು ವರ್ಷದ ಹಿಂದೆ ಮನೆಯ ಮೇಲಿನ ತಗಡುಗಳನ್ನು ಬಿಚ್ಚಿ ಮಾರಿ ಊರು ಬಿಟ್ಟಿದ್ದ. ತಗಡುಗಳನ್ನು ಅವಳು ದುಡಿದು ಮತ್ತೆ ತಂದಳು. ಅವನನ್ನು ತರಲಿಲ್ಲ.

“ಗಂಡನ ಹೆಸ್ರು ಹೇಳಕ್ಕಾ” ಎಂದ ಸುಂಕಣ್ಣ.

“ಆ ಹೆಸ್ರು ನನ್ನ ಮನ್ಯಾಗ ಬ್ಯಾಡ” ಎಂದಳು ಊರಮ್ಮ, ರೊಟ್ಟಿಯಿಂದ ಕೈ ತೆಗೆಯದೆ.

“ಸರಕಾರ ಕೇಳಾಕತ್ತೈತಿ.”

“ಸರಕಾರಕ್ಕ ಅಂವ ಅಷ್ಟು ಬೇಕಾಗಿದ್ರ ಸರಕಾರನ ಇಟಗೊಳ್ಳಲಿ.”

ಸುಂಕಣ್ಣನಿಗೆ ಇದು ನ್ಯಾಯವಾದ ಮಾತೆನಿಸಿತು. ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ಕೂತ. ಗೋಡೆ ಬರೆಯುವವನ ಕೈ ಅದು. ನಡುವೆ ಬರಿದಾದ ಜಾಗ ಬಿಟ್ಟು ಗೊತ್ತಿಲ್ಲ. ಯಾರೂ ಇರದ ಮನೆಯನ್ನು ಯಾಕೆ ಕಟ್ಟಬೇಕೆಂದು ಊರಮ್ಮನ ಸಾಲಿನಲ್ಲಿ ಆ ಒಂದು ಟಿ.ಡಿ.ಯನ್ನು ಬರೆಯಲೇ ಇಲ್ಲ. ಆರು ಮನೆಯ ಬದಲು ಐದು ಕಟ್ಟಿ, ಪುಟವನ್ನು ಕೋಶಕ್ಕೆ ಒಪ್ಪಿಸಿದ. ದೊಡ್ಡಬಸವರಾಜ ಸಾಹೇಬರು ನೋಡದೆಯೇ ಮಂಜೂರು ಮಾಡಿ ತಮ್ಮ ಪಾಸ್‌ವರ್ಡ್ ಹಾಕಿ ಬೀಗ ಜಡಿದರು.

ಗುರುವಾರ ಬೆಳಿಗ್ಗೆ ಪಟ್ಟಿ ಎಲ್ಲರ ಮೊಬೈಲಿಗೂ ಬಂತು. ಊರಮ್ಮನ ಬಲಮಗ್ಗುಲಿನ ಮನೆಯವನು ಕಿರಾಣಿ ಅಂಗಡಿಯ ಕೊಟ್ಟೂರಪ್ಪ. ಅವನು ರೊಟ್ಟಿ ಕೊಳ್ಳಲು ಬಂದವನು ಒಲೆಯ ಮುಂದೆ ನಿಂತು ಗಟ್ಟಿಯಾಗಿ ಓದಿದ.

“ಹದಿನೇಳು. ಊರಮ್ಮ. ಗಂಡನ ಹೆಸರು, ಕಾಲುವೆ ದಂಡೆ.”

ರೊಟ್ಟಿಗೆ ಕಾದಿದ್ದವರು ನಕ್ಕರು.

“ಓಣಿ, ಇಪ್ಪತ್ತು ಬೈ ಮೂವತ್ತು. ಅಳತಿ, ಅರ್ಹರು. ಬೇ ಊರಮ್ಮ, ನಿನ್ನ ಅಳತಿ ಅರ್ಹ ಐತಂತ.”

“ಕಾಲುವಿ ದಂಡಿ ಛಲೋ ಗಂಡನ ಬಿಡು” ಎಂದಳು ಕೊಟ್ಟೂರಪ್ಪನ ಆಚೆ ಮನೆಯ ವೀರಭದ್ರಮ್ಮ. “ಇಸ್ಪೀಟು ಆಡಂಗಿಲ್ಲ, ಹೇಳಿದಲ್ಲೇ ಬಿದ್ದಿರತೈತಿ.” ಅವಳ ಗಂಡ ವಿರೂಪಾಕ್ಷಪ್ಪ ಇಸ್ಪೀಟಿನ ಎಲೆ ಬಿಟ್ಟರೆ ಬೇರೆ ಎಲೆ ಮುಟ್ಟಿದ್ದು ಊಟದ್ದು ಮಾತ್ರ.

ಊರಮ್ಮ ನಗಲಿಲ್ಲ. “ಕಡೀಕ ಏನೈತಿ ನೋಡು. ಷರಾದಾಗ” ಎಂದಳು.

ಕೊಟ್ಟೂರಪ್ಪ ಪರದೆಯನ್ನು ಉಗುರಿನಿಂದ ಸರಿಸಿದ. ಮೂವತ್ತೈದು ಜನರ ಷರಾದಲ್ಲಿ ‘ಅರ್ಹರು’ ಎಂದಿತ್ತು. ಊರಮ್ಮನ ಷರಾದಲ್ಲಿ ಏನೂ ಇರಲಿಲ್ಲ. ಅವಳ ಅರ್ಹತೆ ಒಂದು ಮನೆ ಎಡಕ್ಕೆ ಜಾರಿ ಅಳತೆಯ ಕೆಳಗೆ ಕೂತಿತ್ತು. ಪಟ್ಟಿಯ ಬುಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಷರಾ ಇಲ್ಲದ ಹೆಸರುಗಳನ್ನು ಗುರುವಾರ ಸಂಜೆ ಐದು ಗಂಟೆಗೆ ಕೈಬಿಡಲಾಗುವುದು.

ಊರಮ್ಮ ಒಲೆಯಿಂದ ಹೆಂಚು ಇಳಿಸಿ, ಸುಂಕಣ್ಣನ ಅಂಗಡಿಗೆ ಹಿಟ್ಟಿನ ಕೈಯಲ್ಲೇ ಹೋದಳು.

“ನನ್ನ ಮನಿ ಎಲ್ಲಿ ಹೋತು?”

ಸುಂಕಣ್ಣ ನೋಡಿದ. ಕೂಡಲೇ ತಿದ್ದಲು ಹೋದ. ಪುಟಕ್ಕೆ ಬೀಗ ಬಿದ್ದಿತ್ತು. ಕೀಲಿ ಇದ್ದ ದೊಡ್ಡಬಸವರಾಜರು ಆ ದಿನ ಕುರುಗೋಡಿನಲ್ಲಿ ಶಿಬಿರ ಹೂಡಿದ್ದರು. ಅವನು ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಕುರುಗೋಡಿನ ಮೇಲೆ ಬಳ್ಳಾರಿಗೆ ಹೋಗುವ ಬಸ್ಸು ಹತ್ತಿದ.

ಬಸ್ಸಿನಲ್ಲಿ ಮಾತಾಡುವಾಗ ನಮ್ಮ ಕಡೆ ಯಾರೂ ಫೋನನ್ನು ನಂಬುವುದಿಲ್ಲ, ಗಂಟಲನ್ನು ನಂಬುತ್ತಾರೆ. ಸುಂಕಣ್ಣ ವಿಜಯಕುಮಾರ ಮೇಷ್ಟ್ರಿಗೆ ಫೋನು ಹಚ್ಚಿದ.

“ಸರ, ಒಂದು ಅನಾಹುತ ಆಗೈತ್ರಿ. ಊರಮ್ಮನ ಸಾಲಿನ್ಯಾಗ ಒಂದು ಮನಿ ತಗದುಬಿಟ್ಟೀನಿ.”

ಬಸ್ಸಿನ ಕಿವಿಗಳು ಇತ್ತ ತಿರುಗಿದವು.

“ಹೌದ್ರಿ, ಖಾಲಿ ಇತ್ತು, ಯಾಕ ಬೇಕಂತ ತಗದೆ. ಈಗ ಆ ಸಾಲಿನ ಮನಿ ಎಲ್ಲಾ ಒಂದೊಂದು ಎಡಕ್ಕ ಸರದಾವು. ಕಡೀ ಮನಿ ಇಲ್ದಂಗಾತು.” ಆ ಕಡೆಯ ಮಾತು ಕೇಳಿಸಿಕೊಂಡು ಮುಖ ಅರಳಿಸಿದ. “ಅಷ್ಟನ? ಸಾಹೇಬ್ರು ಹೂಂ ಅಂದ್ರ ಐದು ಗಂಟಿ ಒಳಗ ಕಟ್ಟಿಬಿಡ್ತೀನ್ರಿ. ಟಿ.ಡಿ. ಖಾಲಿನ ಇರಲಿ ಅಂತೀರಿ. ಆತ್ರಿ.”

ಮುಂದಿನ ಸೀಟಿನಲ್ಲಿ ಕರೂರಿನ ಅಂಜಿನಪ್ಪ ಕೂತಿದ್ದ. ಭತ್ತ ನಾಟಿ ಮಾಡಿ ಒಂಬತ್ತು ದಿನವಾಗಿತ್ತು, ಗದ್ದೆಯ ನೀರು ಟಿ.ಬಿ. ಡ್ಯಾಮಿನದು. ಅವನು ಕುತ್ತಿಗೆ ತಿರುಗಿಸಿದ.

“ಟಿ.ಬಿ. ಖಾಲಿ ಐತೇನಪ್ಪಾ?”

“ಹೌದಣ್ಣಾ, ಖಾಲಿನ ಬಿಡಬೇಕಂತ.”

“ಡ್ಯಾಮು ತುಂಬೈತಿ ಅಂತ ಪೇಪರಿನ್ಯಾಗ ಇತ್ತಲ್ಲ.”

“ಪೇಪರಿನ್ಯಾಗ ಎಲ್ಲಾ ತುಂಬಿರತೈತಿ” ಎಂದ ಸುಂಕಣ್ಣ, ತನ್ನ ಯೋಚನೆಯಲ್ಲೇ. “ನೆಟ್ಟಿನ್ಯಾಗ ನೋಡಿದ್ರ ಖಾಲಿ.”

ಈ ಮಾತು ತಪ್ಪೆಂದು ವಾದಿಸಲು ಬಸ್ಸಿನಲ್ಲಿದ್ದ ಯಾರಿಂದಲೂ ಆಗಲಿಲ್ಲ. ಅಂಜಿನಪ್ಪ ತೆಕ್ಕಲಕೋಟೆಯಲ್ಲಿ ಇಳಿದು ತನ್ನ ಬೀಗನಿಗೆ ಫೋನು ಮಾಡಿದ. ಅವನ ಬೀಗನೇ ಕೊಟ್ಟೂರಪ್ಪ. ಎರಡು ಸುದ್ದಿ ಕೊಟ್ಟ: ತುಂಗಭದ್ರಾ ಡ್ಯಾಮು ಖಾಲಿಯಾಗಿದೆ, ಕಾಲುವೆ ದಂಡೆ ಓಣಿಯಲ್ಲಿ ಊರಮ್ಮನ ಮನೆ ತೆಗೆದು, ಆ ಸಾಲಿನವರನ್ನೆಲ್ಲ ಒಂದೊಂದು ಮನೆ ಎಡಕ್ಕೆ ಸರಿಸುತ್ತಾರೆ, ಕಡೇ ಮನೆ ಹೋಯಿತು, ಐದು ಗಂಟೆಯೊಳಗೆ ಕಟ್ಟಿ ಮುಗಿಸುತ್ತಾರೆ.

ಡ್ಯಾಮಿನ ಸುದ್ದಿಯನ್ನು ಓಣಿಯವರು ಸಮಾಧಾನದಿಂದ ಸ್ವೀಕರಿಸಿದರು. ಎರಡನೆಯದು ಹಾಗಲ್ಲ.

“ಅಂದ್ರ ನಾನು ಊರಮ್ಮನ ತಗಡಿನ ಮನ್ಯಾಗ ಇರಬೇಕೇನು?” ಎಂದ ಕೊಟ್ಟೂರಪ್ಪ. “ಹೋದ ತಿಂಗಳ ಟೈಲ್ಸ್ ಹಾಕಿಸೀನಿ ಯಪ್ಪಾ.”

“ಟೈಲ್ಸ್ ನಾನು ದಿನಾ ಒರಸ್ತೀನಿ ಬಿಡಣ್ಣ” ಎಂದಳು ವೀರಭದ್ರಮ್ಮ. ಲೆಕ್ಕದಂತೆ ಅವಳು ಬರಬೇಕಾದದ್ದು ಕೊಟ್ಟೂರಪ್ಪನ ಮನೆಗೆ.

“ನೀ ಯಾಕ ಒರಸ್ತೀ?”

“ಸರಕಾರ ಸರೀರಿ ಅಂದ್ರ ಸರೀಬೇಕಲ್ಲಣ್ಣ. ನಾವೇನು ಅರ್ಜಿ ಹಾಕೀವೇನು.”

ವಿರೂಪಾಕ್ಷಪ್ಪ ಕೈಯಲ್ಲಿದ್ದ ಎಲೆಗಳನ್ನು ಜೇಬಿಗಿಟ್ಟುಕೊಂಡು ಬಂದು, ಕೊಟ್ಟೂರಪ್ಪನ ಮನೆಯಲ್ಲಿ ಫ್ಯಾನು ಎಷ್ಟು ಇವೆ ಎಂದು ಕೇಳಿದ. ಮೂರು ಎಂದು ತಿಳಿದ ಮೇಲೆ, ಸರ್ಕಾರದ ಮೇಲೆ ಸಿಟ್ಟು ಮಾಡುವುದು ಒಳ್ಳೆಯದಲ್ಲ ಎಂದ.

ಒಂದು ಮಾತು ಇಲ್ಲಿ ಬರೆದಿಡಬೇಕು. ಬೆಳಿಗ್ಗೆ ಊರಮ್ಮನ ಷರಾ ಖಾಲಿ ಎಂದು ಗೊತ್ತಾದಾಗ ಓಣಿಯ ಒಬ್ಬರೂ ಹೊಸ್ತಿಲು ದಾಟಿರಲಿಲ್ಲ. ಅಯ್ಯೋ ಪಾಪ ಎಂದವರು ಇಬ್ಬರು, ರೊಟ್ಟಿ ಇನ್ನು ಎಲ್ಲಿ ಸಿಗುತ್ತದೆ ಎಂದವರು ನಾಲ್ವರು. ತಮ್ಮ ತಮ್ಮ ಮನೆ ಸರಿಯುತ್ತದೆ ಎಂದಾಗ ಹದಿನೈದು ನಿಮಿಷದಲ್ಲಿ ಕುರುಗೋಡಿಗೆ ಹೋಗಲು ಟಾಟಾ ಏಸ್ ಗಾಡಿ ಬಂತು, ಧಿಕ್ಕಾರ ಕೂಗಲು ಯಾರು ಮೊದಲು ಯಾರು ಆಮೇಲೆ ಎಂಬುದೂ ಗೊತ್ತಾಯಿತು. ಗಾಡಿಯಲ್ಲಿ ಎಲ್ಲರೂ ಹತ್ತಿದ ಮೇಲೆ ಉಳಿದ ಮೂಲೆಯಲ್ಲಿ ಊರಮ್ಮ ಕೂತಳು.

ಕುರುಗೋಡಿನ ಸಮುದಾಯ ಭವನದಲ್ಲಿ ಶಿಬಿರ ನಡೆದಿತ್ತು. ಸುಂಕಣ್ಣ ಎರಡು ಗಂಟೆಯಿಂದ ಕ್ಯೂನಲ್ಲಿ ನಿಂತು, ನಾಲ್ಕು ಗಂಟೆಗೆ ಸಾಹೇಬರ ಮುಂದೆ ಬಂದಿದ್ದ.

“ಸರ, ಊರಮ್ಮನ ಸಾಲಿನ್ಯಾಗ ಒಂದು ಖಾಲಿ ಮನಿ ಕಟ್ಟಬೇಕ್ರಿ. ತಮ್ಮ ಪಾಸ್‌ವರ್ಡ್ ಬೇಕಾಗಿತ್ತು.”

ದೊಡ್ಡಬಸವರಾಜರು ಕನ್ನಡಕ ತೆಗೆದರು. “ಸರಕಾರಿ ಜಾಗದಾಗ ಖಾಲಿ ಮನಿ ಕಟ್ಟಾಕ ನಾನು ಪಾಸ್‌ವರ್ಡ್ ಕೊಡಬೇಕಾ? ಯಾರಿರತಾರ ಅದರಾಗ?”

“ಯಾರೂ ಇರಂಗಿಲ್ರಿ. ಅದಕ್ಕ ಕಟ್ಟಬೇಕು.”

ಅಷ್ಟರಲ್ಲಿ ಓಣಿ ಒಳಗೆ ಬಂತು. ಸರಿಯುವುದಿಲ್ಲ, ಸರಿಯುವುದಿಲ್ಲ ಎಂದು ಕೊಟ್ಟೂರಪ್ಪ ಕೂಗಿದ. ವೀರಭದ್ರಮ್ಮ ಅಷ್ಟೇ ಗಟ್ಟಿಯಾಗಿ ಆಗಲಿ ಸರೀರಿ ಎಂದಳು. ಸಾಹೇಬರು ಪೊಲೀಸರಿಗೆ ಫೋನು ಮಾಡಲೋ ಎಂಜಿನಿಯರಿಗೆ ಮಾಡಲೋ ತಿಳಿಯದೆ ಯಾರಿಗೂ ಹಚ್ಚದ ಫೋನನ್ನು ಕಿವಿಗಿಟ್ಟುಕೊಂಡರು.

ಸುಂಕಣ್ಣನಿಗೆ ಆಗ ತನ್ನ ಹಳೆಯ ಕಸುಬು ನೆನಪಾಯಿತು. ಸೀಮೆಸುಣ್ಣದ ಕಡ್ಡಿ ಹಿಡಿದು ಭವನದ ನೆಲದ ಮೇಲೆ ಕೂತು, ಮೊಳದುದ್ದದ ಚೌಕಗಳನ್ನು ಎಳೆದ. ಮೇಲಿನ ಸಾಲಿನಲ್ಲಿ ಆರು, ಕೆಳಗಿನದರಲ್ಲಿ ಐದು. ಅಕ್ಷರಗಳನ್ನು ಬೋರ್ಡಿನ ಅಕ್ಷರಗಳಂತೆ ಗುಂಡಗೆ ಬರೆದ. “ಇವು ಮನಿ. ನಾನು ಅಂದದ್ದು ಈ ಮನಿ. ನಿಮ್ಮ ಮನಿ ನಿಮ್ಮಲ್ಲೇ ಅದಾವ.”

ಜನ ಬಗ್ಗಿ ನೋಡಿದರು. ಕೊಟ್ಟೂರಪ್ಪನ ಉಸಿರು ಕೆಳಗಿಳಿಯಿತು. ವೀರಭದ್ರಮ್ಮನ ಮೂರು ಫ್ಯಾನುಗಳು ನಿಂತುಹೋದವು.

ಊರಮ್ಮ ಮಾತ್ರ ಕೆಳಗಿನ ಸಾಲಿನ ಕಡೆಗೇ ನೋಡುತ್ತಿದ್ದಳು, ಆರನೇ ಚೌಕ ಇರಬೇಕಾದಲ್ಲಿ ಬರೀ ನೆಲ ಕಾಣುತ್ತಿತ್ತು. “ಇಲ್ಲಿ ಐತೇನು ನಂದು?” ಎಂದಳು.

“ಇಲ್ಲಿ ಇರಬೇಕಿತ್ತಕ್ಕಾ. ನನ್ನ ತಪ್ಪು.”

ಮನೆ ಸರಿಯುವುದಿಲ್ಲವೆಂದು ತಿಳಿದ ಕೂಡಲೇ ಓಣಿಯ ಹೋರಾಟ ಮುಗಿದಿತ್ತು. ಟಾಟಾ ಏಸಿನವನು ಹೊರಗೆ ಹಾರನ್ನು ಹೊಡೆಯುತ್ತಿದ್ದ. ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು.

“ಖಾಲಿ ಮನಿ ದಾಖಲೆದಾಗ ಇರಾಕ ಬರಂಗಿಲ್ಲ” ಎಂದರು ಸಾಹೇಬರು. “ಖಾಲಿ ಬಿಟ್ರ ನಾಳಿ ಆಡಿಟ್‌ನವರು ನನ್ನ ಹಿಡೀತಾರ. ಗಂಡನ ಹೆಸರು ಹಾಕಿಸಿಬಿಡವ್ವ. ಎಲ್ಲಾ ತಮ್ಮ ತಮ್ಮ ಜಾಗಕ್ಕ ಹೋಗತಾವ. ನಿಂಗೇನು ನಷ್ಟ?”

“ಹೇಳಬಾರದ ಊರಮ್ಮ” ಎಂದ ಕೊಟ್ಟೂರಪ್ಪ. “ಒಂದು ಹೆಸರಿಗೆ ಎಷ್ಟು ಹಟ. ಬೇಕಾದ್ರ ನನ್ನ ಹೆಸರ ಹಾಕ್ರಿ ಸಾಹೇಬ್ರ. ಮನಿ ತುಂಬಿದಂಗ ಆಗತೈತಿ.”

“ನಿನ್ನ ಹೆಸರು ಹಾಕಿದ್ರ ನಾಡದು ನಡುವಿನ ಗ್ವಾಡಿ ಕೆಡವತೀಯಪ್ಪ” ಎಂದಳು ಊರಮ್ಮ.

ಜನ ನಕ್ಕರು. ಯಾಕೆಂದರೆ ಅವನು ಕೆಡವುತ್ತಿದ್ದ.

ಅವಳು ಸಾಹೇಬರ ಮೇಜಿನ ಹತ್ತಿರ ಬಂದಳು. “ಅಂವನ ಹೆಸರು ಬರದ್ರ ಕಾಗದದಾಗ ಅಂವ ಬರತಾನ್ರಿ. ಕಾಗದದಾಗ ಬಂದಂವ ಒಂದಿನ ಬಾಗಲಿಗೂ ಬರತಾನ. ತಗಡು ಬಿಚ್ಚಿಕೊಂಡು ಹೋದಂವಗ ನೀವು ಗ್ವಾಡಿ ಕೊಡ್ತೀರೇನು?” ಮೇಜಿನ ಮೇಲೆ ಕೈ ಊರಿ ಕೇಳಿದಳು. “ನಿಮ್ಮ ಮನಿ ಪತ್ರದಾಗ ನಿಮ್ಮ ಹೇಣತಿ ಅಕ್ಕಾರ ಹೆಸರಿಗೆ ಎಷ್ಟು ಮನಿ ಬಿಟ್ಟಾರ್ರಿ, ಸಾಹೇಬ್ರ?”

ದೊಡ್ಡಬಸವರಾಜರು ಉತ್ತರ ಗೊತ್ತಿಲ್ಲದವರಲ್ಲ. ಕನ್ನಡಕವನ್ನು ಒರೆಸತೊಡಗಿದರು. ಎರಡೂ ಗಾಜು ಒರೆಸಿ ಮುಗಿದ ಮೇಲೂ ಒರೆಸಿದರು. “ನಿಯಮ ನಾನು ಮಾಡಿಲ್ಲವ್ವ” ಎಂದರು ಕೊನೆಗೆ. ನಿಯಮ ಮಾಡಿದವರು ಯಾವ ಭವನಕ್ಕೂ, ಯಾವ ಶಿಬಿರಕ್ಕೂ ಬರುವುದಿಲ್ಲ. ಅವರಿಗೆ ಕ್ಯೂ ಇಲ್ಲ.

ಆಗ ಸುಂಕಣ್ಣ ಬದುಕಿನಲ್ಲಿ ಮೊದಲ ಸಲ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ. “ಸರ, ನಾನು ಮೂವತ್ತೊಂದು ದಿನಾ ಅಷ್ಟ ಕಲತೀನಿ. ನಮ್ಮ ಮೇಷ್ಟ್ರನ್ನ ಕೇಳ್ರಿ” ಎಂದು ವಿಜಯಕುಮಾರರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

“ಖಾಲಿ ಟಿ.ಡಿ. ಇಡಾಕ ಬರತೈತೇನ್ರಿ?” ಎಂದರು ಸಾಹೇಬರು ಫೋನಿನ ಕಡೆ ಬಗ್ಗಿ.

“ಇಡಬೇಕ್ರಿ” ಎಂದಿತು ಬಳ್ಳಾರಿಯ ದನಿ. “ಮನಿ ಖಾಲಿ ಇದ್ರ ತಪ್ಪಿಲ್ಲ. ಮನಿ ಇಲ್ದಂಗ ಮಾಡೋದು ತಪ್ಪು. ಖಾಲಿ ಇದ್ರೂ ಅದು ತನ್ನ ಜಾಗ ಹಿಡಕೊಂಡು ಕುಂದರತೈತಿ, ಪಕ್ಕದ್ದು ಒಳಗ ಬರಾಕ ಬಿಡಂಗಿಲ್ಲ.”

“ಹಂಗಂತ ಯಾರು ಹೇಳ್ಯಾರ?”

“ಜಗತ್ತಿನ ನಿಯಮ ಐತ್ರಿ. ಎಲ್ಲಾ ದೇಶದಾಗ ಹಿಂಗ ನಡೀತೈತಿ.”

ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. “ಅಂತರರಾಷ್ಟ್ರೀಯ?”

“ಅಂತರರಾಷ್ಟ್ರೀಯ.”

ಇಪ್ಪತ್ತೆರಡು ವರ್ಷ ಒಬ್ಬ ಹೆಂಗಸು ಒಂದೇ ಒಲೆಯ ಮುಂದೆ ಕೂತದ್ದು ಆ ಕೋಶಕ್ಕೆ ಸಾಕ್ಷಿಯಾಗಿರಲಿಲ್ಲ. ತಗಡಿನ ಮೇಲೆ ತಗಡು ತಂದದ್ದು ಸಾಕ್ಷಿಯಾಗಿರಲಿಲ್ಲ. ಎಲ್ಲೋ ದೂರದೇಶದಲ್ಲಿ ಅವಳ ಹೆಸರೂ ಕೇಳದ ಯಾರೋ ಚೌಕಗಳಿಗಾಗಿ ಬರೆದಿಟ್ಟ ಒಂದು ಸಾಲು ಸಾಕ್ಷಿಯಾಯಿತು. ಅವರು ಚೌಕಗಳಿಗೆ ಕೊಟ್ಟಷ್ಟು ಮರ್ಯಾದೆಯನ್ನು ನಾವು ನಮ್ಮ ಹೆಂಗಸರಿಗೆ ಕೊಟ್ಟಿದ್ದರೆ ಈ ಕಥೆಗೆ ಟಾಟಾ ಏಸ್ ಗಾಡಿ ಬೇಕಾಗುತ್ತಿರಲಿಲ್ಲ.

“ಬರದು ಕೊಡ್ರಿ” ಎಂದರು ಸಾಹೇಬರು. ಸುಂಕಣ್ಣ ಬರೆದುಕೊಟ್ಟ: ‘ಪಟ್ಟಿಯಲ್ಲಿ ಗಂಡನ ಹೆಸರಿನ ಮನೆ ಖಾಲಿ ಇರುವುದು ಅಂತರರಾಷ್ಟ್ರೀಯವಾಗಿ ಮಾನ್ಯವಾಗಿದೆ.’ ಕೆಳಗೆ ಸಹಿ ಮಾಡಿ, ಅಭ್ಯಾಸಬಲದಿಂದ ಸಹಿಗೆ ನೆರಳು ಬಿಡಿಸಿದ. ಸಾಹೇಬರು ಸೀಲು ಒತ್ತಿ, ಬೆನ್ನು ತಿರುಗಿಸಿ ಪಾಸ್‌ವರ್ಡ್ ಒತ್ತಿದರು.

ಸುಂಕಣ್ಣ ಬಾಗಿಲು ತೆರೆದ, ಒಳಗೆ ಏನೂ ಇಡಲಿಲ್ಲ, ಬಾಗಿಲು ಹಾಕಿದ. ಪರದೆಯ ಮೇಲೆ ಹದಿನೇಳನೇ ಸಾಲು ಮೆಲ್ಲಗೆ ಬಲಕ್ಕೆ ಸರಿಯಿತು. ಕಾಲುವೆ ದಂಡೆ ಗಂಡನ ಕೆಲಸ ಬಿಟ್ಟು ಮತ್ತೆ ಓಣಿಯಾಯಿತು. ಇಪ್ಪತ್ತು ಬೈ ಮೂವತ್ತು ಅಳತೆಯಾಯಿತು. ‘ಅರ್ಹರು’ ಷರಾಕ್ಕೆ ಹೋಗಿ ಕೂತಿತು. ನಡುವೆ ನಾಲ್ಕು ಗೋಡೆಯ ಒಂದು ಬಿಳಿ ಮನೆ ಉಳಿಯಿತು.

ಊರಮ್ಮ ಓದು ಬಾರದವಳು. ಅಷ್ಟೂ ಅಕ್ಷರಗಳ ಸಾಲಿನಲ್ಲಿ ಅವಳಿಗೆ ಸ್ಪಷ್ಟವಾಗಿ ಓದಲು ಬಂದದ್ದು ಅದೊಂದೇ. ಬಹಳ ಹೊತ್ತು ನೋಡಿ, “ಸ್ವಚ್ಛ ಐತಿ” ಎಂದಳು.

ನಾಲ್ಕೂ ನಲವತ್ತಾಗಿತ್ತು. ಸುಂಕಣ್ಣ ಲ್ಯಾಪ್‌ಟಾಪು ಮುಚ್ಚಬೇಕೆನ್ನುವಾಗ ಬೆನ್ನ ಹಿಂದೆ ಬಳೆ ಸದ್ದಾಯಿತು. ವೀರಭದ್ರಮ್ಮ. ಬಾಗಿಲ ಕಡೆ ಒಮ್ಮೆ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದಳು.

“ಸುಂಕಣ್ಣ, ಖಾಲಿ ಮಾಡಬೇಕಂದ್ರ ಗಂಡ ಊರು ಬಿಟ್ಟ ಹೋಗಿರಬೇಕೇನು? ಊರಾಗ ಇದ್ರೂ ನಡೀತೈತಾ?”

ಸುಂಕಣ್ಣ ಸಾಹೇಬರನ್ನು ನೋಡಿದ. ಸಾಹೇಬರು ತಾವೇ ಸೀಲು ಒತ್ತಿದ ಕಾಗದವನ್ನು ಎರಡು ಸಲ ಓದಿದರು. ಅದರಲ್ಲಿ ಯಾವ ಗಂಡ, ಎಲ್ಲಿದ್ದಾನೆ ಎಂಬ ಮಾತೇ ಇರಲಿಲ್ಲ. ಅವರು ಕಿಟಕಿಯ ಹೊರಗೆ ನೋಡತೊಡಗಿದರು.

“ಎಷ್ಟನೇ ಸಾಲಕ್ಕಾ ನಿಂದು?” ಎಂದ ಸುಂಕಣ್ಣ.

“ಹತ್ತೊಂಬತ್ತು.”

ಅವಳ ಹಿಂದೆ ಇನ್ನೊಬ್ಬಳು ಬಂದು ನಿಂತಳು. ಅವಳ ಹಿಂದೆ ಇಬ್ಬರು. ಹೊರಗೆ ಗಾಡಿಯ ಹತ್ತಿರ ಮಿರ್ಚಿ ತಿನ್ನುತ್ತ ನಿಂತಿದ್ದ ವಿರೂಪಾಕ್ಷಪ್ಪ ಕಾದು ಕಾದು ಬೇಸತ್ತು ಕಿಟಕಿಯಲ್ಲಿ ಇಣುಕಿದ.

“ಲೇ ವೀರಭದ್ರಿ, ಏನ್ ನಡಸೀರಿ ಒಳಗ? ಹೊತ್ತಾತು.”

“ಏನಿಲ್ರಿ” ಎಂದಳು ವೀರಭದ್ರಮ್ಮ, ಪರದೆಯಿಂದ ಕಣ್ಣು ತೆಗೆಯದೆ. “ಕಾಗುಣಿತ ತಿದ್ದಿಸಾಕತ್ತೀನಿ.”